ಡೆಬಿಯನ್ ಹಾಕಿ ಒಂದೂವರೆ ವರ್ಷ: ಗದಗದ ಪ್ರೆಸ್ಸಿನಲ್ಲಿ ಸರ್ವರ್ ಕೆಲಸ ಕಲಿತ ಅನುಭವ

ಮೊದಲೇ ಹೇಳಿಬಿಡುತ್ತೇನೆ. ಲಿನಕ್ಸ್ ಸರ್ವರ್ ನೋಡಿಕೊಳ್ಳುವುದನ್ನು ಸೊನ್ನೆಯಿಂದ ಕಲಿಯಬೇಕು, ಕೈಯಲ್ಲಿ ಒಂದು ಹಳೇ ಕಂಪ್ಯೂಟರ್ ಇದೆ, ಪಕ್ಕದಲ್ಲಿ ಕೂತು ಹೇಳಿಕೊಡುವವರು ಯಾರೂ ಇಲ್ಲ ಅನ್ನುವವರು ಡೆಬಿಯನ್ ಹಾಕಿಕೊಳ್ಳಿ. ಲಿನಕ್ಸ್ ಅಂದರೆ ವಿಂಡೋಸಿನ ಹಾಗೆ ಕಂಪ್ಯೂಟರನ್ನು ನಡೆಸುವ ಸಾಫ್ಟ್‌ವೇರ್, ಡೆಬಿಯನ್ ಅದರದೇ ಒಂದು ಬಗೆ. ಮೊದಲ ವಾರ ಕಷ್ಟ ಆಗುತ್ತದೆ. ಆದರೂ ಅದನ್ನೇ ಹಾಕಿಕೊಳ್ಳಿ.

ನಾನು ಗದಗದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆ, ಬಿಲ್ ಬುಕ್, ಕ್ಯಾಲೆಂಡರ್, ಜಾತ್ರೆ ಪೋಸ್ಟರ್, ಎಲ್ಲಾ ಬರುತ್ತದೆ. ಮೂರು ಜನ ಆಪರೇಟರ್‌ಗಳು ಇದ್ದೇವೆ. ಎಲ್ಲರ ಫೈಲೂ ಒಂದೇ ಕಡೆ ಇರಲಿ ಅಂತ ಒಂದು ವಿಂಡೋಸ್ ಕಂಪ್ಯೂಟರಿನಲ್ಲಿ ಫೋಲ್ಡರ್ ಶೇರ್ ಮಾಡಿ ಇಟ್ಟಿದ್ದೆವು, ಅದನ್ನೇ ಸರ್ವರ್ ಅನ್ನುತ್ತಿದ್ದೆವು. 2024ರ ಮಾರ್ಚ್‌ನಲ್ಲಿ, ಮದುವೆ ಸೀಸನ್ ಇನ್ನೇನು ಏರುತ್ತಿದೆ ಅನ್ನುವಾಗ, ಅದರ ಹಾರ್ಡ್ ಡಿಸ್ಕ್ ಹೋಯಿತು. ಬ್ಯಾಕಪ್ ಇರಲಿಲ್ಲ. ಆರು ವರ್ಷದ ಕೆಲಸ ಅದರ ಜೊತೆಗೇ ಹೋಯಿತು. ಪ್ರತಿ ವರ್ಷ ತಾರೀಖು ಮಾತ್ರ ತಿದ್ದಿ ಕೊಡುತ್ತಿದ್ದ ಪೋಸ್ಟರ್‌ಗಳನ್ನೂ ಮೊದಲಿಂದ ಕೂತು ಕಟ್ಟಬೇಕಾಯಿತು, ರಾತ್ರಿ ಹತ್ತು ಹತ್ತೂವರೆ ತನಕ. ಆ ತಿಂಗಳು ಮುಗಿದ ಮೇಲೆ ಮಾಲಕರು ನನ್ನ ಟೇಬಲ್ ಹತ್ತಿರ ಬಂದು, 'ಹೊರಗಿನವರನ್ನ ಎಷ್ಟ್ ಸಲ ಕರಿಯೂದವಾ, ನೀನ ಇದಕ್ಕೊಂದು ದಾರಿ ನೋಡು' ಅಂದರು. ನಾನು ಓದಿದ್ದು ಬಿ.ಎ. ಆದರೆ ಆ ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡಿ ನಿಂತಿದ್ದನ್ನು ಕಿವಿಯಾರೆ ಕೇಳಿದ್ದೆ, ಇನ್ನೊಂದು ಸಲ ಕೇಳುವ ಮನಸ್ಸಿರಲಿಲ್ಲ. ನೋಡ್ತೀನ್ರಿ ಅಂದೆ.

ಯಂತ್ರ ಹುಬ್ಬಳ್ಳಿಯಿಂದ ಬಂತು. ಯಾವುದೋ ಆಫೀಸಿನವರು ಬಿಟ್ಟ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್, ನಾಲ್ಕನೇ ಜನರೇಷನ್ ಐ3, 4 ಜಿಬಿ ರ‍್ಯಾಮ್, 7 ಸಾವಿರ ರೂಪಾಯಿ. ಡಿಸ್ಕ್ ಎರಡು ಮಾತ್ರ ಹೊಸವು ತಗೊಂಡೆವು, ಒಂದು ಒಳಗೆ, ಇನ್ನೊಂದು ಬ್ಯಾಕಪ್‌ಗೆ ಅಂತ ಹೊರಗೆ ಯುಎಸ್‌ಬಿಯಲ್ಲಿ. ಡೆಸ್ಕ್‌ಟಾಪ್ ಪರದೆ ಏನೂ ಬೇಡ, ಬರೀ ಕಪ್ಪು ಪರದೆ ಸಾಕು ಅಂತ ಹಾಕಿದರೆ ಡೆಬಿಯನ್‌ಗೆ 4 ಜಿಬಿ ಧಾರಾಳ. ನಮ್ಮದು ಸುಮ್ನೆ ನಿಂತಿರುವಾಗ 200 ಎಂಬಿ ಕೂಡ ತಿನ್ನುವುದಿಲ್ಲ. ಹಳೇ ಯಂತ್ರ ಕೊಳ್ಳುವವರು ಒಂದನ್ನು ಮಾತ್ರ ನೋಡಿಕೊಳ್ಳಿ, ಅದು 64 ಬಿಟ್ ಇರಬೇಕು. ಡೆಬಿಯನ್ 12ರ ತನಕ 32 ಬಿಟ್ ಯಂತ್ರಕ್ಕೂ ಇನ್‌ಸ್ಟಾಲರ್ ಸಿಗುತ್ತಿತ್ತು, 13ರಿಂದ ಅದನ್ನು ನಿಲ್ಲಿಸಿದ್ದಾರೆ.

ಡೆಬಿಯನ್‌ಗಿಂತ ಮುಂಚೆ ನಾನು ಹುಬ್ಬಳ್ಳಿಯಲ್ಲಿ ಒಂದು ಕ್ಲಾಸಿಗೂ ಸೇರಿದ್ದೆ. ಹೆಸರು ಬೇಡ. ಎರಡು ತಿಂಗಳು, ಪ್ರತಿ ಭಾನುವಾರ ಬೆಳಿಗ್ಗೆ ಗದಗದಿಂದ ರೈಲು ಹತ್ತಿ ಹೋಗುತ್ತಿದ್ದೆ. ಅಲ್ಲಿ ಕಲಿಸಿದ್ದು ರೆಡ್ ಹ್ಯಾಟ್ ಅನ್ನುವ ಇನ್ನೊಂದು ಬಗೆಯ ಲಿನಕ್ಸಿನ ಪರೀಕ್ಷೆಗೆ ಬೇಕಾದ ಪಾಠ. ಅದರಲ್ಲಿ ತಪ್ಪೇನಿಲ್ಲ. ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ಕೆಲಸ ಬೇಕಾದವರಿಗೆ ರೆಡ್ ಹ್ಯಾಟ್ ಸರ್ಟಿಫಿಕೇಟಿಗೆ ನಿಜವಾಗಿಯೂ ಬೆಲೆ ಇದೆ, ಅದರ ಪರೀಕ್ಷೆಯಲ್ಲಿ ಟಿಕ್ ಹಾಕುವ ಪ್ರಶ್ನೆಗಳಿಲ್ಲ, ಯಂತ್ರದ ಮುಂದೆ ಕೂತು ಕೆಲಸ ಮಾಡಿ ತೋರಿಸಬೇಕು. ಆದರೆ ನಮ್ಮ ಕ್ಲಾಸಿನಲ್ಲಿ ಕಮಾಂಡ್ ಬರೆಸಿದರು, ಬಾಯಿಪಾಠ ಮಾಡಿಸಿದರು. ಏನಾದರೂ ಕೆಟ್ಟರೆ ಎಲ್ಲಿ ನೋಡಬೇಕು ಅನ್ನುವುದನ್ನು ಒಂದು ದಿನವೂ ಹೇಳಲಿಲ್ಲ. ಯಾಕಂದರೆ ಅಲ್ಲಿ ಏನೂ ಕೆಡುತ್ತಿರಲಿಲ್ಲ. ಪ್ರತಿ ಭಾನುವಾರ ಹೊಸ ವರ್ಚುವಲ್ ಮಷಿನ್ (ಕಂಪ್ಯೂಟರಿನ ಒಳಗೆ ಸಾಫ್ಟ್‌ವೇರ್‌ನಿಂದಲೇ ಮಾಡಿದ ಕಂಪ್ಯೂಟರ್), ಎರಡು ಗಂಟೆ ಆದ ಮೇಲೆ ಅಳಿಸು. ಕೆಡದ ಯಂತ್ರದ ಮೇಲೆ ಅಡ್ಮಿನ್ ಕೆಲಸ ಕಲಿಯಲು ಆಗುವುದಿಲ್ಲ, ಇದು ನನಗೆ ಆಮೇಲೆ ಗೊತ್ತಾಯಿತು.

2024ರ ಜೂನ್‌ನಲ್ಲಿ ಡೆಬಿಯನ್ 12 ಹಾಕಿದೆ. ಚಿಕ್ಕ ನೆಟ್‌ಇನ್‌ಸ್ಟ್ ಫೈಲ್ 1 ಜಿಬಿಗಿಂತ ಕಡಿಮೆ, ಪೆನ್ ಡ್ರೈವಿಗೆ ಬರೆದು ಬೂಟ್ ಮಾಡಿದರೆ ಆಯ್ತು, ಉಳಿದಿದ್ದನ್ನು ಇಂಟರ್ನೆಟ್‌ನಿಂದ ತರುತ್ತದೆ. ಗ್ರಾಫಿಕಲ್ ಇನ್‌ಸ್ಟಾಲರಿನ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ. ಅದನ್ನು ನೋಡಿ ಖುಷಿ ಆಯಿತು. ಆದರೂ ಸರ್ವರಿಗೆ ಇಂಗ್ಲಿಷನ್ನೇ ಆರಿಸಿ ಅಂತ ಹೇಳುತ್ತೇನೆ. ಎರರ್ ಬಂದಾಗ ಆ ಸಾಲನ್ನು ಹಾಗೇ ಹುಡುಕಬೇಕಾಗುತ್ತದೆ, ಅದೂ ಅಲ್ಲದೆ ಆ ಕಪ್ಪು ಕನ್ಸೋಲ್ ಪರದೆಗೆ ಕನ್ನಡ ತೋರಿಸಲು ಬರುವುದಿಲ್ಲ. ಅದರಲ್ಲಿ ಹೆಚ್ಚೆಂದರೆ 512 ಅಕ್ಷರ ಚಿತ್ರಗಳಿಗೆ ಜಾಗ, ಒತ್ತಕ್ಷರ ಕೂಡಿಸುವ ಶಕ್ತಿ ಅದಕ್ಕಿಲ್ಲ. ಕನ್ನಡ ಹೆಸರಿನ ಫೈಲ್‌ಗಳೆಲ್ಲ ಚೌಕ ಚೌಕವಾಗಿ ಕಾಣುತ್ತವೆ. ಬೇರೆ ಕಂಪ್ಯೂಟರಿನಿಂದ ಎಸ್‌ಎಸ್‌ಎಚ್ ಮೂಲಕ, ಅಂದರೆ ನೆಟ್‌ವರ್ಕಿನಿಂದಲೇ ಲಾಗಿನ್ ಆಗಿ, ಒಳಗೆ ಹೋದರೆ ಅಕ್ಷರ ಕಾಣುತ್ತವೆ, ಆದರೂ ಕಮಾಂಡ್ ಹೊಡೆಯುವ ಎಷ್ಟೋ ಟರ್ಮಿನಲ್ ಕಿಟಕಿಗಳಲ್ಲಿ ಒತ್ತು ಒಡೆದು ನಿಲ್ಲುತ್ತದೆ. ಡೆಸ್ಕ್‌ಟಾಪ್ ಹಾಕಿಕೊಂಡವರಿಗೆ ಈ ತೊಂದರೆ ಇಲ್ಲ. ಕನ್ನಡ ಫಾಂಟ್‌ಗಳ ಪ್ಯಾಕೇಜ್ ಒಂದು ಹಾಕಿದರೆ ಲೋಹಿತ್, ಗುಬ್ಬಿ, ನವಿಲು ಎಲ್ಲಾ ಬರುತ್ತವೆ.

ಈಗ ಆ ಮೊದಲ ಸಂಜೆಯ ವಿಷಯ. ಹೊಸಬರಲ್ಲಿ ಅರ್ಧ ಜನ ಡೆಬಿಯನ್ ಬಿಟ್ಟು ಓಡುವುದು ಇಲ್ಲೇ ಅಂತ ನನಗನಿಸುತ್ತದೆ. ಇನ್‌ಸ್ಟಾಲರ್ ರೂಟ್ ಪಾಸ್‌ವರ್ಡ್ ಕೇಳುತ್ತದೆ. ರೂಟ್ ಅಂದರೆ ಯಂತ್ರದ ಪೂರ್ತಿ ಅಧಿಕಾರ ಇರುವ ಖಾತೆ. ಕೇಳಿದರು ಅಂತ ಕೊಟ್ಟೆ. ಆಮೇಲೆ ನನ್ನ ಹೆಸರಿನಲ್ಲಿ ಒಳಗೆ ಹೋಗಿ, ಯೂಟ್ಯೂಬಿನಲ್ಲಿ ನೋಡಿದ ಹಾಗೆ ಸುಡೊ (ಒಂದು ಕಮಾಂಡಿನ ಮಟ್ಟಿಗೆ ರೂಟ್ ಅಧಿಕಾರ ಕೊಡುವುದು) ಅಂತ ಹೊಡೆದರೆ, ಅಂಥ ಕಮಾಂಡೇ ಇಲ್ಲ ಅಂದಿತು. ಕಾರಣ ಸರಳ, ಅದು ಅಲ್ಲೇ ಪರದೆ ಮೇಲೆ ಬರೆದಿತ್ತು, ನಾನು ಓದಿರಲಿಲ್ಲ. ರೂಟ್ ಪಾಸ್‌ವರ್ಡ್ ಜಾಗವನ್ನು ಖಾಲಿ ಬಿಟ್ಟರೆ ಡೆಬಿಯನ್ ತಾನೇ ಸುಡೊ ಹಾಕಿ, ಮೊದಲ ಬಳಕೆದಾರರಿಗೆ ಆ ಅಧಿಕಾರ ಕೊಡುತ್ತದೆ. ಪಾಸ್‌ವರ್ಡ್ ಕೊಟ್ಟರೆ, ಈ ಯಂತ್ರಕ್ಕೆ ರೂಟ್ ಇದ್ದಾರೆ, ಅವರೇ ನೋಡಿಕೊಳ್ಳಲಿ ಅಂತ ಸುಮ್ಮನಿರುತ್ತದೆ.

ಸರಿ, ರೂಟ್ ಆಗೋಣ ಅಂತ ಬೇರೆ ಖಾತೆಗೆ ಬದಲಾಗುವ ಎಸ್‌ಯು ಕಮಾಂಡ್ ಹೊಡೆದೆ. ಪಾಸ್‌ವರ್ಡ್ ಕೊಟ್ಟೆ, ರೂಟ್ ಆದೆ. ಸುಡೊ ಇನ್‌ಸ್ಟಾಲ್ ಮಾಡಲು ಹೋದರೆ ಎಲ್‌ಡಿಕಾನ್ಫಿಗ್ ಅನ್ನುವ ಕಮಾಂಡ್ ಸಿಗುತ್ತಿಲ್ಲ ಅಂತ ತಕರಾರು. ಬಳಕೆದಾರರ ಖಾತೆ ತಿದ್ದುವ ಯೂಸರ್‌ಮಾಡ್ ಹೊಡೆದರೆ ಅದೂ ಇಲ್ಲ. ರೂಟ್ ಆಗಿದ್ದೇನೆ, ಯಂತ್ರದ ಎಲ್ಲಾ ಬೀಗದ ಕೈ ನನ್ನ ಹತ್ತಿರ ಇದೆ, ಆದರೂ ಕಮಾಂಡ್ ಇಲ್ಲ ಅಂದರೆ ಏನರ್ಥ? ಒಂದೂವರೆ ಗಂಟೆ ಕೂತೆ. ಉತ್ತರ ಒಂದು ಅಡ್ಡಗೆರೆ. ಎಸ್‌ಯು ಬರೆದು, ಜಾಗ ಬಿಟ್ಟು, ಒಂದು ಗೆರೆ ಹಾಕಬೇಕು. ಗೆರೆ ಇಲ್ಲದಿದ್ದರೆ ಅಧಿಕಾರ ರೂಟ್‌ದು, ಆದರೆ ಕಮಾಂಡ್‌ಗಳನ್ನು ಹುಡುಕುವ ದಾರಿ ನಿಮ್ಮ ಹಳೇದೇ. ಅಡ್ಮಿನ್ ಕಮಾಂಡ್‌ಗಳಿರುವ ಎಸ್‌ಬಿನ್ ಫೋಲ್ಡರ್ ಆ ದಾರಿಯಲ್ಲಿ ಬರುವುದೇ ಇಲ್ಲ. ಗೆರೆ ಹಾಕಿದರೆ ರೂಟ್ ಆಗಿ ಹೊಸದಾಗಿ ಲಾಗಿನ್ ಆದ ಹಾಗೆ, ಎಲ್ಲವೂ ಸಿಗುತ್ತವೆ. ಈ ಒಂದು ಗೆರೆಯಿಂದ ನಾನು ಪಾತ್ (ಕಮಾಂಡ್ ಹುಡುಕುವ ಆ ದಾರಿ) ಅಂದರೇನು, ಲಾಗಿನ್ ಶೆಲ್ (ಲಾಗಿನ್ ಆದಾಗ ನಮ್ಮ ಕಮಾಂಡ್ ತಗೊಳ್ಳುವ ಪ್ರೋಗ್ರಾಂ) ಅಂದರೇನು ಅಂತ ಕಲಿತೆ. ಕ್ಲಾಸಿನಲ್ಲಿ ಎರಡನ್ನೂ ಡೆಫಿನಿಷನ್ ಅಂತ ಬರೆದುಕೊಂಡಿದ್ದೆ. ಅವತ್ತು ರಾತ್ರಿ ಅರ್ಥ ಆಯಿತು.

ಇದರ ಬೆನ್ನಿಗೇ ಇನ್ನೊಂದು ಇದೆ, ಸಣ್ಣದು, ಆದರೆ ಎಲ್ಲರೂ ಎಡವುವ ಜಾಗ. ನಿಮ್ಮನ್ನು ಹೊಸ ಗ್ರೂಪಿಗೆ ಸೇರಿಸುವಾಗ ಯೂಸರ್‌ಮಾಡ್ ಮುಂದೆ ಸಣ್ಣ ಎ ಮತ್ತು ದೊಡ್ಡ ಜಿ ಎರಡೂ ಬೇಕು. ಎ ಮರೆತು ಬರೀ ಜಿ ಹಾಕಿದರೆ, ಇದ್ದ ಬೇರೆ ಗ್ರೂಪ್‌ಗಳಿಂದೆಲ್ಲ ನಿಮ್ಮನ್ನು ತೆಗೆದುಹಾಕುತ್ತದೆ, ಸುಡೊ ಗ್ರೂಪಿನಿಂದಲೂ. ನನಗೆ ಎರಡನೇ ವಾರದಲ್ಲಿ ಹೀಗಾಯಿತು. ರೂಟ್ ಪಾಸ್‌ವರ್ಡ್ ಇದ್ದಿದ್ದಕ್ಕೆ ಐದು ನಿಮಿಷದಲ್ಲಿ ಸರಿಯಾಯಿತು.

ಫೈಲ್ ಶೇರಿಂಗ್‌ಗೆ ಸಾಂಬಾ ಹಾಕಿದೆ. ವಿಂಡೋಸ್ ಕಂಪ್ಯೂಟರ್‌ಗಳಿಗೆ ಇದು ಮಾಮೂಲಿ ನೆಟ್‌ವರ್ಕ್ ಫೋಲ್ಡರಿನ ಹಾಗೇ ಕಾಣುತ್ತದೆ. ಸಾಂಬಾಗೆ ತನ್ನದೇ ಬೇರೆ ಪಾಸ್‌ವರ್ಡ್ ಪಟ್ಟಿ ಇರುತ್ತದೆ, ಲಿನಕ್ಸ್ ಪಾಸ್‌ವರ್ಡ್ ಅಲ್ಲಿ ನಡೆಯುವುದಿಲ್ಲ, ಇದೊಂದನ್ನು ನೆನಪಿಟ್ಟುಕೊಂಡರೆ ಅರ್ಧ ದಿನ ಉಳಿಯುತ್ತದೆ. ಎರಡು ದಿನ ಚೆನ್ನಾಗಿ ನಡೆಯಿತು. ಮೂರನೇ ದಿನ ನಮ್ಮ ಹುಡುಗ ಕೂಗಿದ, 'ಅಕ್ಕಾರ, ಈ ಫೈಲ್ ಸೇವ್ ಆಗವಲ್ದ್ರಿ'. ಬೆಳಿಗ್ಗೆ ನಾನು ಮಾಡಿಟ್ಟ ಬಿಲ್ ಬುಕ್ ಅದು. ಅವನು ತೆರೆಯಬಹುದು, ತಿದ್ದಲು ಆಗುತ್ತಿಲ್ಲ. ಯಾರನ್ನು ಕೇಳಿದರೂ ಬರುವ ಮೊದಲ ಸಲಹೆ 777. ಅಂದರೆ ಯಾರು ಬೇಕಾದರೂ ಏನು ಬೇಕಾದರೂ ಮಾಡಲಿ ಅಂತ ಬಾಗಿಲು ತೆರೆದಿಡುವುದು. ದಯವಿಟ್ಟು ಅದನ್ನು ಮಾಡಬೇಡಿ. ಓದುವುದಕ್ಕೆ 4, ಬರೆಯುವುದಕ್ಕೆ 2, ಫೋಲ್ಡರಿನ ಒಳಗೆ ಹೋಗುವುದಕ್ಕೆ 1. ಮಾಲೀಕನಿಗೆ ಒಂದು ಅಂಕಿ, ಗ್ರೂಪಿಗೆ ಒಂದು, ಹೊರಗಿನವರಿಗೆ ಒಂದು. ನಮಗೆ ಬೇಕಾಗಿದ್ದು ಏನಂದರೆ, ನಾವು ಮೂವರೂ ಒಂದು ಗ್ರೂಪಿನಲ್ಲಿ ಇರಬೇಕು, ಯಾರು ಫೈಲ್ ಮಾಡಿದರೂ ಅದು ಆ ಗ್ರೂಪಿನ ಹೆಸರಿಗೇ ಬರಬೇಕು, ಗ್ರೂಪಿನವರು ತಿದ್ದಬಹುದು, ಹೊರಗಿನವರಿಗೆ ಏನೂ ಇಲ್ಲ. ಅದಕ್ಕೆ 2770. ಮುಂದಿನ ಆ 2 ಇದೆಯಲ್ಲ, ಸೆಟ್‌ಜಿಐಡಿ ಅನ್ನುತ್ತಾರೆ, ಫೋಲ್ಡರಿನ ಗ್ರೂಪನ್ನೇ ಒಳಗಿನ ಹೊಸ ಫೈಲಿಗೂ ಕೊಡುವುದು ಅದೇ. ಇಷ್ಟಾದರೂ ಸೇವ್ ಆಗಲಿಲ್ಲ. ಯಾಕಂದರೆ ಸಾಂಬಾ ಹೊಸ ಫೈಲ್ ಬರೆಯುವಾಗ ತನ್ನದೇ ಲೆಕ್ಕ ಹಾಕಿ ಗ್ರೂಪಿನ ಬರೆಯುವ ಹಕ್ಕನ್ನು ಕತ್ತರಿಸುತ್ತದೆ, ಅದರ ಸೆಟ್ಟಿಂಗ್ ಫೈಲಿನಲ್ಲಿ ಕ್ರಿಯೇಟ್ ಮಾಸ್ಕ್ 0660, ಡೈರೆಕ್ಟರಿ ಮಾಸ್ಕ್ 2770 ಅಂತ ಬರೆದ ಮೇಲೆ ಸರಿಹೋಯಿತು. ಎರಡು ಬಾಗಿಲು, ಎರಡಕ್ಕೂ ಬೇರೆ ಬೇರೆ ಬೀಗ. ಇದು ತಲೆಗೆ ಹತ್ತಿದ ದಿನದಿಂದ ಪರ್ಮಿಷನ್ ಅಂದರೆ ನನಗೆ ಭಯ ಇಲ್ಲ.

ಕನ್ನಡದಲ್ಲಿ ಕೆಲಸ ಮಾಡುವವರು ಇದನ್ನು ಗಮನವಿಟ್ಟು ಓದಿ, ನನಗೆ ಯಾರೂ ಹೇಳಿರಲಿಲ್ಲ. ಆಪರೇಟರ್‌ಗಳ ಕಂಪ್ಯೂಟರ್‌ಗಳಲ್ಲಿ ಉಳಿದಿದ್ದ ಹಳೇ ಲಗ್ನಪತ್ರಿಕೆ ಫೈಲ್‌ಗಳನ್ನೆಲ್ಲ ಸರ್ವರಿಗೆ ತುಂಬುವಾಗ ಕೆಲವು ಮಾತ್ರ ಹೋಗಲೇ ಇಲ್ಲ. ಜಾಗ ಇದೆ, ಪರ್ಮಿಷನ್ ಇದೆ, ಫೈಲ್ ಚೆನ್ನಾಗೇ ತೆರೆಯುತ್ತದೆ. ಹೋಗದ ಫೈಲ್‌ಗಳನ್ನು ಒಂದು ಕಡೆ ಸಾಲಾಗಿ ಇಟ್ಟು ನೋಡಿದೆ. ಎಲ್ಲವೂ ಉದ್ದ ಹೆಸರಿನವು. ನಮ್ಮಲ್ಲಿ ಒಬ್ಬರಿಗೆ ಚಿ. ಅಂತ ಶುರು ಮಾಡಿ ವರನ ಹೆಸರು, ಚಿ.ಕುಂ.ಸೌ. ಅಂತ ವಧುವಿನ ಹೆಸರು, ಎರಡೂ ಕಡೆಯ ಊರು, ಕೊನೆಗೆ ಲಗ್ನಪತ್ರಿಕೆ ಫೈನಲ್ ಕರೆಕ್ಷನ್ ಅಂತ ಪೂರ್ತಿ ಬರೆಯುವ ರೂಢಿ. ಡೆಬಿಯನ್ ಸಾಮಾನ್ಯವಾಗಿ ಬಳಸುವ ಎಕ್ಸ್ಟ್4 ಫೈಲ್ ಸಿಸ್ಟಮ್‌ನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಆದ್ದರಿಂದ ಅವರಿಗೆ ಇದು ಗೊತ್ತೇ ಆಗುವುದಿಲ್ಲ. ಕನ್ನಡದ ಒಂದೊಂದು ಯುನಿಕೋಡ್ ಚಿಹ್ನೆಗೂ ಮೂರು ಬೈಟ್ ಬೇಕು, ಗುಣಿತದ ಚಿಹ್ನೆಗೆ ಬೇರೆ ಮೂರು, ಒತ್ತಿನ ಹಿಂದೆ ಕಾಣದೆ ಕೂತ ಅರ್ಧಾಕ್ಷರದ ಚಿಹ್ನೆಗೂ ಮೂರು. 'ಲಗ್ನಪತ್ರಿಕೆ' ಅಂತ ಬರೆದು ನೋಡಿ. ಕಣ್ಣಿಗೆ ಐದಕ್ಷರ. ಒಳಗೆ 11 ಚಿಹ್ನೆ, 33 ಬೈಟ್. ಅಂದರೆ ಒಂದು ಹೆಸರಿನಲ್ಲಿ ಸುಮಾರು 85 ಚಿಹ್ನೆ, ಅಷ್ಟೇ. ವಿಂಡೋಸ್ ಬೈಟ್ ಲೆಕ್ಕ ಹಾಕುವುದಿಲ್ಲ, ಚಿಹ್ನೆ ಲೆಕ್ಕ ಹಾಕುತ್ತದೆ, ಹಾಗಾಗಿ ಅಲ್ಲಿ ಇದೇ ಹೆಸರು ಆರಾಮಾಗಿ ಹಿಡಿಸಿತ್ತು. ಈಗ ಪ್ರೆಸ್ಸಿನಲ್ಲಿ ಎಲ್ಲಾ ಫೈಲಿಗೂ ಜಾಬ್ ನಂಬರ್, ಅದರ ಮುಂದೆ ಒಂದೆರಡು ಪದ. ಪೂರ್ತಿ ವಿವರ ರಿಜಿಸ್ಟರಿನಲ್ಲಿ. ನಂಬರ್ ಇರುವುದರಿಂದ ಕಪ್ಪು ಪರದೆಯಲ್ಲಿ ಕನ್ನಡ ಚೌಕವಾಗಿ ಕಂಡರೂ ನನಗೆ ಫೈಲ್ ಸಿಗುತ್ತದೆ.

ಬ್ಯಾಕಪ್‌ಗೆ ಫೈಲ್ ಕಾಪಿ ಮಾಡುವ ಆರ್‌ಸಿಂಕ್, ಮತ್ತು ಹೇಳಿದ ಸಮಯಕ್ಕೆ ಕಮಾಂಡನ್ನು ತಾನೇ ಓಡಿಸುವ ಕ್ರಾನ್. ದಿನಾ ರಾತ್ರಿ ಒಂಬತ್ತಕ್ಕೆ ತಾರೀಖಿನ ಹೆಸರಿನ ಫೋಲ್ಡರಿಗೆ ಕಾಪಿ ಆಗಬೇಕು ಅಂತ ಬರೆದೆ. ಕೈಯಿಂದ ಓಡಿಸಿದರೆ ಆಗುತ್ತದೆ, ಕ್ರಾನ್‌ನಲ್ಲಿ ಆಗುವುದಿಲ್ಲ. ಒಂಬತ್ತು ದಿನ ಆದ ಮೇಲೆ ಗೊತ್ತಾಯಿತು, ಒಂದೂ ಆಗಿಲ್ಲ. ಹಳೇ ಪಾಠಗಳೆಲ್ಲ ಯಂತ್ರದಲ್ಲಿ ನಡೆದದ್ದು ದಾಖಲಾಗುವ ಸಿಸ್‌ಲಾಗ್ ಫೈಲ್ ನೋಡಿ ಅನ್ನುತ್ತವೆ, ಡೆಬಿಯನ್ 12ರಲ್ಲಿ ಆ ಫೈಲ್ ತಾನಾಗಿ ಬರುವುದಿಲ್ಲ, ಜರ್ನಲ್‌ಸಿಟಿಎಲ್ ಕಮಾಂಡಿನಿಂದ ನೋಡಬೇಕು. ಅಲ್ಲಿ ಪ್ರತಿ ರಾತ್ರಿ ಒಂಬತ್ತರ ಹೊತ್ತಿಗೆ ಒಂದೇ ಸಾಲು ಇತ್ತು, ಮೇಲ್ ಕಳಿಸುವ ಸಾಫ್ಟ್‌ವೇರ್ ಇಲ್ಲ, ಬಂದ ಔಟ್‌ಪುಟ್ ಬಿಸಾಡುತ್ತಿದ್ದೇನೆ ಅಂತ. ಅಂದರೆ ಎರರ್ ಬಂದಿದೆ, ನನಗೆ ತಲುಪಿಲ್ಲ. ಆಮೇಲೆ ಕ್ರಾನ್‌ಟ್ಯಾಬ್‌ನ (ಕ್ರಾನ್ ಕೆಲಸಗಳನ್ನು ಬರೆದಿಡುವ ಫೈಲ್) ಮ್ಯಾನ್ ಪುಟದ, ಅಂದರೆ ಯಂತ್ರದಲ್ಲೇ ಇರುವ ಕೈಪಿಡಿಯ, ಐದನೇ ಭಾಗ ತೆಗೆದು ಓದಿದೆ. ಶೇಕಡಾ ಚಿಹ್ನೆಯನ್ನು ಕ್ರಾನ್ ಹೊಸ ಸಾಲು ಅಂತ ತಿಳಿಯುತ್ತದೆ, ಮುಂದೆ ಹಿಮ್ಮುಖ ಓರೆಗೆರೆ ಹಾಕಬೇಕು ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ತಾರೀಖು ಬರೆಯುವಾಗ ನಾನು ಹಾಕಿದ್ದು ಅದೇ ಶೇಕಡಾ ಚಿಹ್ನೆ. ಮ್ಯಾನ್ ಪುಟಗಳು ಓದಲು ಒಣಗಿರುತ್ತವೆ, ಇಂಗ್ಲಿಷಿನಲ್ಲಿ ಇರುತ್ತವೆ, ನಿಜ. ಆದರೆ ನಿಮ್ಮ ಯಂತ್ರದಲ್ಲಿರುವ ಅದೇ ವರ್ಷನ್ನಿನ ಮಾತು ಅಲ್ಲಿರುತ್ತದೆ, ಇಂಟರ್ನೆಟ್ ಇಲ್ಲದ ದಿನವೂ ಇರುತ್ತದೆ.

ಎಲ್ಲಕ್ಕಿಂತ ಜಾಸ್ತಿ ಹೆದರಿದ ದಿನ ಇನ್ನೊಂದು. ಸೋಮವಾರ ಬೆಳಿಗ್ಗೆ ಬಂದರೆ ಯಾರಿಗೂ ಸರ್ವರ್ ಸಿಗುತ್ತಿಲ್ಲ. ಭಾನುವಾರ ರಾತ್ರಿ ಕರೆಂಟ್ ಹೋಗಿತ್ತು, ಯುಪಿಎಸ್ ಬರಿದಾಗಿತ್ತು, ಕರೆಂಟ್ ಬಂದ ಮೇಲೆ ಯಂತ್ರ ತಾನೇ ಶುರುವಾಗಿತ್ತು. ಮೂಲೆಯಲ್ಲಿರುವ ಸರ್ವರಿಗೆ ಮಾನಿಟರ್ ಇಲ್ಲ. ನನ್ನ ಟೇಬಲ್ಲಿನದನ್ನು ಬಿಚ್ಚಿ ಹೊತ್ತೊಯ್ದು ಹಾಕಿದೆ. ಎಮರ್ಜೆನ್ಸಿ ಮೋಡ್ ಅಂತ ಬರೆದು ನಿಂತಿದೆ. ಮತ್ತೆ ಚಾಲೂ ಮಾಡಿದೆ. ಒಂದು ಸಾಲಿನಲ್ಲಿ ಯಾವುದೋ ಡಿಸ್ಕಿಗಾಗಿ ಕಾಯುತ್ತಿದ್ದೇನೆ ಅಂತ ಸೆಕೆಂಡ್ ಎಣಿಸುತ್ತದೆ, ಒಂದೂವರೆ ನಿಮಿಷ ತುಂಬುತ್ತದೆ, ಮತ್ತೆ ಅದೇ ಎಮರ್ಜೆನ್ಸಿ. ಹೊರಗೆ ಗಿರಾಕಿ ಪ್ರೂಫ್ ನೋಡಲು ಕೂತಿದ್ದಾರೆ. ಮಾರ್ಚ್ ತಿಂಗಳ ಆ ಟಕ್ ಟಕ್ ಸದ್ದೇ ಕಿವಿಯಲ್ಲಿ ತುಂಬಿಕೊಂಡಿತು.

ಡಿಸ್ಕಿಗೆ ಏನೂ ಆಗಿರಲಿಲ್ಲ. ಶನಿವಾರ ಸಂಜೆ ದೊಡ್ಡ ಫೈಲ್ ಒಂದನ್ನು ಮನೆಗೆ ಒಯ್ಯಬೇಕು ಅಂತ ನಾನೇ ಬ್ಯಾಕಪ್ ಡಿಸ್ಕನ್ನು ಕಿತ್ತುಕೊಂಡು ಹೋಗಿದ್ದೆ. ಬೂಟ್ ಆಗುವಾಗ ಯಾವ ಡಿಸ್ಕ್ ಎಲ್ಲಿ ಕೂಡಬೇಕು ಅನ್ನುವುದು ಎಫ್‌ಎಸ್‌ಟ್ಯಾಬ್ ಅನ್ನುವ ಫೈಲಿನಲ್ಲಿ ಇರುತ್ತದೆ. ಅಲ್ಲಿ ಬರೆದ ಡಿಸ್ಕ್ ಇರಲೇಬೇಕು ಅಂತ ಡೆಬಿಯನ್ ತಿಳಿಯುತ್ತದೆ. ಇಲ್ಲದಿದ್ದರೆ 90 ಸೆಕೆಂಡ್ ಕಾದು, ಅಪೂರ್ಣ ಸ್ಥಿತಿಯಲ್ಲಿ ಮುಂದೆ ಹೋಗುವುದು ಬೇಡ ಅಂತ ನಿಂತುಬಿಡುತ್ತದೆ. ಇದ್ದರೆ ಸರಿ, ಇಲ್ಲದಿದ್ದರೂ ಮುಂದೆ ಹೋಗು ಅಂತ ಹೇಳಬೇಕಾದರೆ ಆ ಸಾಲಿನಲ್ಲಿ ನೋಫೇಲ್ ಅನ್ನುವ ಒಂದು ಪದ ಸೇರಿಸಬೇಕು. ಹೊರಗಿನ ಯಾವ ಡಿಸ್ಕಿಗಾದರೂ ಅದನ್ನು ಸೇರಿಸಿ, ಡಿಸ್ಕನ್ನು ಎಸ್‌ಡಿಬಿ ಅನ್ನುವ ಹೆಸರಿನಿಂದ ಕರೆಯದೆ ಅದರ ಯುಯುಐಡಿ ಅನ್ನುವ ಗುರುತಿನ ಸಂಖ್ಯೆಯಿಂದಲೇ ಕರೆಯಿರಿ, ಯಾಕಂದರೆ ಇನ್ನೊಂದು ಪೆನ್ ಡ್ರೈವ್ ಚುಚ್ಚಿದರೆ ಆ ಹೆಸರು ಬದಲಾಗಬಹುದು.

ಇಲ್ಲಿ ಆ ಮೊದಲ ಸಂಜೆಯ ರೂಟ್ ಪಾಸ್‌ವರ್ಡ್ ಕೈಹಿಡಿಯಿತು. ಎಮರ್ಜೆನ್ಸಿ ಮೋಡ್ ರೂಟ್ ಪಾಸ್‌ವರ್ಡ್ ಕೇಳುತ್ತದೆ. ಕೊಟ್ಟೆ, ಒಳಗೆ ಹೋದೆ, ನ್ಯಾನೊ ಅನ್ನುವ ಎಡಿಟರಿನಲ್ಲಿ ಆ ಸಾಲು ತೆರೆದು ಒಂದು ಪದ ಸೇರಿಸಿದೆ, ರೀಬೂಟ್ ಮಾಡಿದೆ. ಪಾಸ್‌ವರ್ಡ್ ಜಾಗ ಖಾಲಿ ಬಿಟ್ಟು ಹಾಕಿದವರಿಗೆ ಇಲ್ಲಿ ರೂಟ್ ಖಾತೆಗೆ ಬೀಗ ಬಿದ್ದಿದೆ ಅಂತ ಉತ್ತರ ಬರುತ್ತದೆ, ಅವರು ಯಂತ್ರ ಶುರುವಾಗುವಾಗ ಬರುವ ಗ್ರಬ್ ಮೆನುವಿನಲ್ಲಿ ಬೂಟ್ ಸಾಲು ತಿದ್ದಿ ಅಥವಾ ಇನ್‌ಸ್ಟಾಲರ್ ಪೆನ್ ಡ್ರೈವಿನ ರೆಸ್ಕ್ಯೂ ಮೋಡ್‌ನಿಂದ ಒಳಗೆ ಹೋಗಬೇಕು. ಹೊಸಬರಿಗೆ ಅದು ದೊಡ್ಡ ಸುತ್ತು. ಅದಕ್ಕೇ ಕಲಿಯುವವರಿಗೆ ನನ್ನ ಸಲಹೆ, ರೂಟ್ ಪಾಸ್‌ವರ್ಡ್ ಕೊಡಿ, ಸುಡೊವನ್ನು ಕೈಯಿಂದ ಹಾಕಿಕೊಳ್ಳಿ. ಅರ್ಧ ಗಂಟೆ ಹೋಗುತ್ತದೆ, ಆದರೆ ಎರಡೂ ಬೀಗದ ಕೈ ನಿಮ್ಮ ಹತ್ತಿರ ಇರುತ್ತವೆ.

ಕೊರತೆಗಳನ್ನೂ ಹೇಳಬೇಕು. ಡಿಸೈನ್ ಕೆಲಸಕ್ಕೆ ಡೆಬಿಯನ್ ನಮ್ಮ ಪ್ರೆಸ್ಸಿನಲ್ಲಿ ನಡೆಯುವುದಿಲ್ಲ. ಕೋರಲ್‌ಡ್ರಾ, ಫೋಟೋಶಾಪ್ ಬೇಕೇ ಬೇಕು, ಅವು ವಿಂಡೋಸಿನಲ್ಲೇ ಇವೆ, ಇರುತ್ತವೆ. ಸಾಫ್ಟ್‌ವೇರ್‌ಗಳ ವರ್ಷನ್ ಹಳೇದಿರುತ್ತದೆ, ಹೊಸ ಹೊಸದು ಬೇಕು ಅನ್ನುವವರಿಗೆ ಬೇಜಾರಾಗುತ್ತದೆ. ಡೆಬಿಯನ್ ವೆಬ್‌ಸೈಟಿನಲ್ಲಿ ಹೊಸಬರಿಗೆ ಯಾವ ಫೈಲ್ ಇಳಿಸಬೇಕು ಅನ್ನುವುದೇ ಗೊಂದಲ. ಕನ್ನಡದಲ್ಲಿ ಅಡ್ಮಿನ್ ಪಾಠ ನನಗೆ ಸಿಗಲಿಲ್ಲ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಓದಿದೆ, ಒಂದೊಂದು ಪ್ಯಾರಾವನ್ನು ಮೂರು ಸಲ. ಇದು ದೊಡ್ಡ ಕೊರತೆ. ಗದಗ, ಹಾವೇರಿ ಕಡೆಯ ಎಷ್ಟೋ ಪ್ರೆಸ್ಸು, ಸೊಸೈಟಿ, ಶಾಲೆಗಳಲ್ಲಿ ಇದೇ ಕೆಲಸ ಬೇಕಾಗಿದೆ, ಮಾಡುವ ಶಕ್ತಿ ಇರುವ ಹುಡುಗ ಹುಡುಗಿಯರೂ ಇದ್ದಾರೆ, ಭಾಷೆ ಅಡ್ಡ ನಿಲ್ಲುತ್ತದೆ.

ಆದರೂ ಡೆಬಿಯನ್ನೇ ಯಾಕೆ ಅಂದರೆ, ಅದು ಕಾಲ ಕೆಳಗಿನಿಂದ ಸರಿಯುವುದಿಲ್ಲ. 1993ರಲ್ಲಿ ಇಯಾನ್ ಮರ್ಡಾಕ್ ಶುರು ಮಾಡಿದ್ದು, ತನ್ನ ಗೆಳತಿ ಡೆಬ್ರಾ ಹೆಸರನ್ನೂ ತನ್ನ ಹೆಸರನ್ನೂ ಕೂಡಿಸಿ ಇಟ್ಟ ಹೆಸರು. ಇವತ್ತಿಗೂ ಯಾವ ಕಂಪನಿಯ ಸ್ವತ್ತೂ ಅಲ್ಲ, ಸ್ವಯಂಸೇವಕರೇ ನಡೆಸುತ್ತಾರೆ. ಸ್ಟೇಬಲ್ ವರ್ಷನ್ ಸುಮಾರು ಎರಡು ವರ್ಷಕ್ಕೊಮ್ಮೆ ಬರುತ್ತದೆ. 12 ಬಂದಿದ್ದು 2023ರ ಜೂನ್, 13 ಬಂದಿದ್ದು 2025ರ ಆಗಸ್ಟ್. ಒಂದು ವರ್ಷನ್ನಿಗೆ ಮೂರು ವರ್ಷ ಪೂರ್ತಿ ಬೆಂಬಲ, ಆಮೇಲೆ ಎಲ್‌ಟಿಎಸ್ ಅಂತ ಇನ್ನೆರಡು ವರ್ಷ. ನಡುವೆ ಬರುವುದು ಸೆಕ್ಯುರಿಟಿ ಮತ್ತು ತಪ್ಪು ತಿದ್ದುವ ಅಪ್‌ಡೇಟ್ ಮಾತ್ರ. ಹಗಲೆಲ್ಲ ಡಿಟಿಪಿ ಮಾಡಿ ಸಂಜೆ ಒಂದು ಗಂಟೆ ಕಲಿಯುವ ನನ್ನಂಥವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಜೂನ್‌ನಲ್ಲಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದು ಮುಂದಿನ ಜೂನ್‌ನಲ್ಲೂ ಹಾಗೇ ನಡೆಯುತ್ತಿತ್ತು. ನಾನು ಮುಟ್ಟದ ಸೆಟ್ಟಿಂಗನ್ನು ಯಾರೂ ಬದಲಾಯಿಸಿರಲಿಲ್ಲ. ಏನಾದರೂ ಕೆಟ್ಟರೆ ನಾನು ಮಾಡಿದ್ದೇ ಕಾರಣ ಅಂತ ಖಾತ್ರಿ ಇತ್ತು, ಹಾಗಾಗಿ ಹುಡುಕಲು ಆಗುತ್ತಿತ್ತು.

5ರಲ್ಲಿ 4 ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಕನ್ನಡದ ಪಾಠ ಇಲ್ಲದ್ದಕ್ಕೆ ಮತ್ತು ಹೊಸಬರನ್ನು ಆ ಮೊದಲ ಸಂಜೆ ಹಾಗೆ ಒಬ್ಬರನ್ನೇ ಬಿಡುವುದಕ್ಕೆ.

ಕಳೆದ ನವೆಂಬರ್‌ನಲ್ಲಿ 13ಕ್ಕೆ ಏರಿಸಿದೆ. ಅದಕ್ಕೂ ಮುಂಚೆ ರಿಲೀಸ್ ನೋಟ್ಸ್‌ನಲ್ಲಿ ಗಮನಿಸಬೇಕಾದ ಬದಲಾವಣೆಗಳ ಅಧ್ಯಾಯವನ್ನು ನಮ್ಮ ಪ್ರೆಸ್ಸಿನಲ್ಲೇ ಪ್ರಿಂಟ್ ತೆಗೆದು, ಪೆನ್ಸಿಲ್ ಹಿಡಿದು ಓದಿದೆ. ಅದರಲ್ಲಿ ಒಂದು ಕಡೆ, ಇನ್ನು ಮೇಲೆ ತಾತ್ಕಾಲಿಕ ಫೈಲ್‌ಗಳ ಟಿಎಂಪಿ ಫೋಲ್ಡರ್ ಡಿಸ್ಕಿನಲ್ಲಿ ಇರುವುದಿಲ್ಲ, ರ‍್ಯಾಮ್‌ನಲ್ಲಿ ಇರುತ್ತದೆ, ಹೆಚ್ಚೆಂದರೆ ಅರ್ಧ ರ‍್ಯಾಮ್ ತುಂಬಬಹುದು ಅಂತಿತ್ತು. ನಮ್ಮ ಯಂತ್ರದಲ್ಲಿ ಅರ್ಧ ಅಂದರೆ 2 ಜಿಬಿ. ಕ್ಯಾಲೆಂಡರಿನ ದೊಡ್ಡ ಪಿಡಿಎಫ್‌ಗಳನ್ನು ಜೋಡಿಸುವ ನನ್ನ ಒಂದು ಸ್ಕ್ರಿಪ್ಟ್ ಎಲ್ಲವನ್ನೂ ಅಲ್ಲೇ ಸುರಿಯುತ್ತಿತ್ತು. ಆ ಸಾಲಿನ ಕೆಳಗೆ ಗೆರೆ ಎಳೆದೆ, ಸ್ಕ್ರಿಪ್ಟಿಗೆ ಬೇರೆ ಫೋಲ್ಡರ್ ಕೊಟ್ಟೆ, ಬ್ಯಾಕಪ್ ತೆರೆದು ಎರಡು ಫೈಲ್ ತೆಗೆದು ನೋಡಿದೆ, ಆಮೇಲೆ ಒಂದು ಭಾನುವಾರ ಕೂತು ಏರಿಸಿದೆ. ಮುಕ್ಕಾಲು ಗಂಟೆ ಹಿಡಿಯಿತು. ಸೋಮವಾರ ಹುಡುಗ ಬಂದು, ಜಾಬ್ ನಂಬರ್ ಹುಡುಕಿ, ತನ್ನ ಪಾಡಿಗೆ ಕೆಲಸ ಶುರು ಮಾಡಿದ. ಈಗ ಎರಡನೇ ಬ್ಯಾಕಪ್ ಡಿಸ್ಕ್ ಒಂದನ್ನು ತಂದು ಮಾಲಕರ ಮನೆಯಲ್ಲಿ ಇಡಬೇಕು ಅಂತ ಇದ್ದೇನೆ, ಅವರೂ ಒಪ್ಪಿದ್ದಾರೆ.